ಎರಡು ಸ್ಮಾರಕಗಳ ನಡುವಿನ ಕಾಲುದಾರಿ

ಫ್ಲಾರಿಡಾದ ಟೈಟಸ್‌ವಿಲ್ ಅನ್ನೋ ಸಣ್ಣ ಊರಿನ ಪೇಟೆ ಭಾಗದಲ್ಲಿ, ನೀರಿನ ಅಂಚಿಗೇ ಸ್ಪೇಸ್ ವ್ಯೂ ಪಾರ್ಕ್ ಇದೆ. ಆನ್‌ಸೈಟ್ ಹೋಗಿದ್ದಾಗ ಒಂದು ಶನಿವಾರ ನೋಡಿ ಬಂದೆ. ಎದುರು ದಡದಲ್ಲಿ ಕೆನಡಿ ಸ್ಪೇಸ್ ಸೆಂಟರ್. ಮನುಷ್ಯ ಚಂದ್ರನಿಗೆ ಹೊರಟಿದ್ದು ಅಲ್ಲಿಂದಲೇ. ರಾಕೆಟ್ ಹಾರೋ ದಿನ ಜನ ಈ ಪಾರ್ಕಲ್ಲೇ ಬಂದು ನಿಲ್ತಾರೆ. ಸ್ಮಾರಕಕ್ಕೆ ಇದಕ್ಕಿಂತ ಒಳ್ಳೇ ಜಾಗ ಸಿಗಲ್ಲ.

ಮರ್ಕ್ಯುರಿ, ಜೆಮಿನಿ, ಅಪೊಲೊ, ಷಟಲ್ ಅಂತ ಒಂದೊಂದು ಯೋಜನೆಗೂ ಒಂದೊಂದು ಸ್ಮಾರಕ. ಗಗನಯಾತ್ರಿಗಳ ಅಂಗೈ ಅಚ್ಚುಗಳು ಕಂಚಿನಲ್ಲಿವೆ, ಮಕ್ಕಳು ತಮ್ಮ ಕೈ ಇಟ್ಟು ಅಳತೆ ನೋಡ್ತಾರೆ. ನನಗೆ ಹಿಡಿಸಿದ್ದು ಬೇರೆ: ಕೆಲಸ ಮಾಡಿದವರ ಹೆಸರುಗಳನ್ನೂ ಅಲ್ಲಿ ಕೆತ್ತಿದ್ದಾರೆ. ನಮ್ಮ ಕಡೆ ಕಲ್ಲಿನ ಮೇಲೆ ಹೆಸರು ಅಂದ್ರೆ ಉದ್ಘಾಟಿಸಿದವರದ್ದು, ಅಧ್ಯಕ್ಷತೆ ವಹಿಸಿದವರದ್ದು, ಘನ ಉಪಸ್ಥಿತರದ್ದು. ಗಾರೆಯವನದ್ದು ಇರೋದೇ ಇಲ್ಲ.

ನನ್ನ ತಕರಾರು ಇರೋದು ಇತಿಹಾಸವನ್ನ ಯೋಜನೆಗಳ ಸಾಲಾಗಿ ಜೋಡಿಸಿದ್ದರ ಬಗ್ಗೆ. ಪಾರ್ಕಿನಲ್ಲಿ ಅಪೊಲೊ ದಾಟಿ ಷಟಲ್‌ಗೆ ಬರೋದು ಒಂದು ಸಣ್ಣ ನಡಿಗೆ. ಊರಿಗೆ ಅದು ಸುಮಾರು ಆರು ವರ್ಷ. ಕೊನೆಯ ಅಪೊಲೊ ಹಾರಿದ್ದು 1975ರ ಜುಲೈನಲ್ಲಿ, ಮೊದಲ ಷಟಲ್ 1981ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ಸಾವಿರಾರು ಜನರ ಕೆಲಸ ಹೋಗಿ, ಎಷ್ಟೋ ಕುಟುಂಬಗಳು ಮನೆ ಬಿಟ್ಟು ಹೋಗಿದ್ದವು. 2011ರಲ್ಲಿ ಷಟಲ್ ನಿಂತಾಗ ಮತ್ತೆ ಲೇಆಫ್. ನಮ್ಮ ಐಟಿಯವರ ರಿಲೀಸ್ ನೋಟ್ಸ್ ಕೂಡ ಹೀಗೇ ಅಲ್ವಾ? ವರ್ಷನ್ ನಂಬರ್ ಇರುತ್ತೆ, ನಡುವೆ ಬೆಂಚ್ ಮೇಲೆ ಕೂತವರು ಇರಲ್ಲ.

ಅಮೆರಿಕದ ಪಾರ್ಕಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋಕೆ ಕಾರಣ ನಮ್ಮ ತುಮಕೂರು. ನಾನಿರೋ ಸದಾಶಿವನಗರದಲ್ಲಿ ಈಗಲೂ ಎಚ್‌ಎಂಟಿ ವಾಚ್ ಕಟ್ಟಿಕೊಂಡು ವಾಕಿಂಗ್ ಬರೋ ಹಿರಿಯರಿದ್ದಾರೆ. 1978ರಲ್ಲಿ ಶುರುವಾದ ಇಲ್ಲಿನ ವಾಚ್ ಫ್ಯಾಕ್ಟರಿ ಉಳೀಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಆಮೇಲೆ ಜಾಗ ಇಸ್ರೋ ಕೈಗೆ ಬಂತು. ಖುಷಿಪಟ್ಟವರಲ್ಲಿ ನಾನೂ ಒಬ್ಬ. ಇವತ್ತಲ್ಲ ನಾಳೆ ಇಲ್ಲೂ ಯಾರೋ ಒಂದು ಪಾರ್ಕ್ ಮಾಡಿ ಸಿಮೆಂಟಿನ ರಾಕೆಟ್ ನಿಲ್ಲಿಸ್ತಾರೆ, ಸೆಲ್ಫಿ ಪಾಯಿಂಟ್ ಅಂತೂ ಗ್ಯಾರಂಟಿ. ಮಾಡಲಿ. ಆದ್ರೆ ರಾಕೆಟ್ ಹತ್ರ ಹೋಗೋ ದಾರಿ ವಾಚ್ ಫ್ಯಾಕ್ಟರಿಯಿಂದಲೇ ಶುರುವಾಗಬೇಕು. ಸಾಸಿವೆಯಷ್ಟು ಸಣ್ಣ ಚಕ್ರ ಜೋಡಿಸ್ತಿದ್ದವರ ಹೆಸರು ಮೊದಲ ಕಲ್ಲಿನಲ್ಲಿರಲಿ, ಬಾಗಿಲು ಹಾಕಿದ ಇಸವಿ ಎರಡನೇ ಕಲ್ಲಿನಲ್ಲಿ.