ಬೆಸುಗೆಯ ಉಕ್ಕಿನ ಕೊಳವೆ

ಹಾಸನದಿಂದ ಹೊಳೆನರಸೀಪುರಕ್ಕೆ, ಅಲ್ಲಿಂದ ಅರಕಲಗೂಡಿಗೆ ಸಾಗುವ ದಾರಿಯ ದನದ ಕೊಟ್ಟಿಗೆಗಳನ್ನೂ ಚನ್ನರಾಯಪಟ್ಟಣದ ತೆಂಗಿನ ತೋಟಗಳ ಶೆಡ್ಡುಗಳನ್ನೂ ಎತ್ತಿ ಹಿಡಿದಿರುವ, ಅಂಗಡಿಯಲ್ಲಿ ಎಂ.ಎಸ್. ಪೈಪೆಂದು ಕೇಳಿ ಕೊಳ್ಳುವ ಅಗ್ಗದ ಕೊಳವೆಯನ್ನು ನಾನು ಆದರದಿಂದ ಕಾಣುತ್ತೇನೆ. ಉಕ್ಕಿನ ಪಟ್ಟಿಯನ್ನು ಉರುಳೆಗಳ ನಡುವೆ ಬಾಗಿಸಿ, ಅಂಚುಗಳನ್ನು ವಿದ್ಯುತ್ತಿನಿಂದ ಕಾಯಿಸಿ ಒತ್ತಿ ಕೂಡಿಸಿದುದು ಇದು. ಹೊರಮೈಯ ಏಣನ್ನು ಕಾರ್ಖಾನೆಯಲ್ಲಿಯೇ ಕೆತ್ತಿ ತೆಗೆದಿದ್ದರೂ, ಕತ್ತರಿಸಿದ ಬಾಯಿಯೊಳಗೆ ಬೆರಳಾಡಿಸಿದರೆ ಬೆಸುಗೆಯ ಗೆರೆ ಸಾಮಾನ್ಯವಾಗಿ ತಾಕುತ್ತದೆ. ಇಂಗಾಲದ ಅಂಶ ಬಹುಮಟ್ಟಿಗೆ ಶೇಕಡಾ 0.25ನ್ನು ಮೀರದಿರುವುದರಿಂದ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿಯೂ ಬಿರಿಯದೆ ಬೆಸೆದುಕೊಳ್ಳುತ್ತದೆ. ಅತಿಭಾರ ಬಿದ್ದರೆ ಥಟ್ಟನೆ ಮುರಿಯದೆ ಬಾಗಿ ಮುನ್ಸೂಚನೆ ಕೊಡುತ್ತದೆ, ಇದನ್ನೇ ಅದರ ಮಹದ್ಗುಣವೆಂದು ಎಣಿಸುವೆನು. ಸೈಕಲ್ ಚೌಕಟ್ಟಿಗೆ ಬಳಸುವ ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ದುಬಾರಿ ಉಕ್ಕಿಗೂ ಇದಕ್ಕೂ ಪೆಡಸುತನದಲ್ಲಿ ಹೇಳಿಕೊಳ್ಳುವ ಭೇದವಿಲ್ಲ, ಎರಡರದೂ ಸುಮಾರು 200 ಗಿಗಾಪಾಸ್ಕಲ್. ಬಲ ಕಡಿಮೆಯಾದುದರಿಂದ ಮಾತ್ರ ಹೆಚ್ಚು ದಪ್ಪದ ಕೊಳವೆ ಬೇಕು, ತೂಕವನ್ನೂ ಸಹಿಸಬೇಕು. ತುಕ್ಕಿನ ಮುಂದೆ ಇದು ನಿಸ್ಸಹಾಯ. ಗಂಜಲ ತಾಕುವ ಬುಡದಲ್ಲಿ, ಬಾಯಿ ಮುಚ್ಚದ ಕಂಬದೊಳಗೆ ನಿಂತ ಮಳೆನೀರಿನಲ್ಲಿ, ಹೊರಗಿನ ಬಣ್ಣ ಮಾಸುವ ಮೊದಲೇ ಒಳಗಿನಿಂದ ಸವೆಯುತ್ತ ಬರುವುದು. ಆದುದರಿಂದ ಬುಡವನ್ನು ಕಾಂಕ್ರೀಟಿನ ಮೇಲೆ ಎತ್ತರಿಸಿ, ಮೇಲಿನ ಬಾಯಿಗೆ ತಗಡು ಬೆಸೆದು, ಬಣ್ಣಕ್ಕೆ ಮೊದಲು ರೆಡ್‌ಆಕ್ಸೈಡ್ ಬಳಿಯುವಂತೆ ವೆಲ್ಡರಿಗೆ ಮುಂಚಿತವಾಗಿಯೇ ಹೇಳತಕ್ಕದ್ದು.