ಮಸ್ಕಿಯ ಬಂಡೆಗೆ ಆ್ಯಪ್ ಸಾಕಾ?

ಸಿಂಧನೂರಿನ ಆರ್.ಎಚ್. ಕ್ಯಾಂಪಿನಿಂದ ಮಸ್ಕಿ ತೀರಾ ದೂರವೇನಲ್ಲ. ಅಶೋಕನ ಶಾಸನ ನೋಡಲು ಹೋಗುವವರ ಮೊಬೈಲಿನಲ್ಲಿ ಈಗ ತ್ರೀಡಿ ಸ್ಕ್ಯಾನಿಂಗ್ ಆ್ಯಪ್ ಇರುತ್ತೆ. ಮತ್ತೆ ಕಂಪ್ಯೂಟರ್ ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆಯೇ.

ಹೊಲದ ಬದುವಿನಲ್ಲೋ ಗುಡಿಯ ಹಿಂದೆಯೋ ಕಂಡ ಕಲ್ಲನ್ನು ತಕ್ಷಣ ದಾಖಲಿಸಲು ಮೊಬೈಲ್‌ಗೆ ಸಾಟಿಯಿಲ್ಲ. ಫೋಟೋ ಜೊತೆ ಜಿಪಿಎಸ್ ಸ್ಥಳವೂ ಉಳಿಯುತ್ತೆ. ನನ್ನ ತಕರಾರು ಇರೋದು ಓದುವ ಹಂತದಲ್ಲಿ. ಕಡತ ಹಗುರವಾಗಲೆಂದು ಎಷ್ಟೋ ಆ್ಯಪ್‌ಗಳು ಮೇಲ್ಮೈಯನ್ನು ನಯ ಮಾಡಿಬಿಡುತ್ತವೆ. ಕಲ್ಲಿನ ಒರಟಿನ ಜೊತೆ ಸವೆದ ಅಕ್ಷರದ ಗೀಟೂ ಮಾಯ! ಬ್ರಾಹ್ಮಿಯಲ್ಲಿ ಒಂದು ಸಣ್ಣ ಗೀಟು ಹೋದರೆ ‘ಕಿ’ ಹೋಗಿ ‘ಕ’ ಆಗುತ್ತೆ.

1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಈ ಬಂಡೆಯ ಮಹತ್ವ ನಿಂತಿರುವುದೇ ಒಂದು ಪದದ ಮೇಲೆ: ‘ಅಸೋಕಸ’. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದಕ್ಕೆ ಮೊದಲು ಸಿಕ್ಕ ಕಲ್ಲಿನ ಸಾಕ್ಷಿ ಅದು. ಅಂಥ ಪದವನ್ನು ಆ್ಯಪಿನ ಮರ್ಜಿಗೆ ಬಿಡೋಕಾಗುತ್ತಾ?

ಡೆಸ್ಕ್‌ಟಾಪಿನಲ್ಲಿ ಓಡುವ, ಉಚಿತವಾಗಿ ಸಿಗುವ ಮೆಷ್‌ಲ್ಯಾಬ್ ನೋಡಿ. ಮಾದರಿಯ ಬಣ್ಣ ತೆಗೆದು, ಬೆಳಕನ್ನು ಓರೆಯಾಗಿ ಹೊರಳಿಸುತ್ತಾ, ಕಾಣುತ್ತಿರುವುದು ಉಳಿಯ ಗೀಟೋ ಬರೀ ಬಿರುಕೋ ಅಂತ ಪರೀಕ್ಷಿಸಬಹುದು. ಇನ್ನೊಬ್ಬರು ಅದೇ ಕಡತ ತೆರೆದು ನಮ್ಮ ಓದು ತಪ್ಪು ಅಂತ ತೋರಿಸಲೂಬಹುದು. ಶಾಸನದ ಓದಿಗೆ ಬೇಕಾದ್ದು ಅದೇ.

ಹಾಗಾಗಿ ಸೆರೆಹಿಡಿಯೋದು ಮೊಬೈಲಿನಲ್ಲಿ, ತೀರ್ಮಾನ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಇಲ್ಲದವರು ಆ್ಯಪ್ ಕೊಟ್ಟ ಮಾದರಿಯನ್ನಷ್ಟೇ ನಂಬಿ ಮೂಲ ಫೋಟೋಗಳನ್ನು ಅಳಿಸಬೇಡಿ. ನಾಳೆ ಅವನ್ನು ಓದುವವರು ಸಿಕ್ಕಾರು.