ಲಕ್ಷ್ಮೀಶನ ಬಭ್ರುವಾಹನನೂ ಚಲಚ್ಚಿತ್ರದ ಬಭ್ರುವಾಹನನೂ

ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನ ಸ್ಥಳವೆಂದು ನಮ್ಮ ಸೀಮೆಯವರೆಲ್ಲರೂ ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಸುರಪುರದ ಕಡೆಯ ದೇವಾಪುರವೇ ಕವಿಯ ದೇವಪುರವೆಂದು ವಾದಿಸುವವರೂ ಉಂಟು. ಆ ವ್ಯಾಜ್ಯವನ್ನು ಇಲ್ಲಿ ಎತ್ತುವ ಉದ್ದೇಶ ನನಗಿಲ್ಲ. ದೇವನೂರಿನ ಗುಡಿಯ ಮುಂದೆ ನಿಂತು ದೇವರಿಗೊಮ್ಮೆ ಕವಿಗೊಮ್ಮೆ ಕೈಮುಗಿದು ಬಂದವನು ನಾನು. ನನ್ನ ಪಕ್ಷಪಾತ ವಾಚಕರಿಗೆ ಮೊದಲೇ ತಿಳಿದಿರಲಿ. ಆದರೆ ಇಂದು ಕಡೂರಿನಲ್ಲಾಗಲಿ, ತರೀಕೆರೆಯಲ್ಲಾಗಲಿ, ಅಜ್ಜಂಪುರದಲ್ಲಾಗಲಿ ವಿದ್ಯಾವಂತರ ಮನೆಯೊಂದನ್ನು ಹೊಕ್ಕು ಬಭ್ರುವಾಹನನ ಕಥೆಯನ್ನು ಹೇಳಿರೆಂದು ಕೇಳಿದರೆ, ಬಹುಮಟ್ಟಿಗೆ ಬಾಯಿಗೆ ಬರುವುದು ಲಕ್ಷ್ಮೀಶನ ಪದ್ಯವಲ್ಲ, ೧೯೭೭ರಲ್ಲಿ ತೆರೆಕಂಡ ‘ಬಭ್ರುವಾಹನ’ ಚಲಚ್ಚಿತ್ರದ ಹಾಡು. ಕವಿಯ ಊರಿನ ಸುತ್ತಿನಲ್ಲಿಯೇ ಹೀಗಾಯಿತಲ್ಲಾ ಎಂದು ನಾನು ಬಹುವರ್ಷ ಕೊರಗಿದೆನು. ಆ ಕೊರಗಿನಲ್ಲಿ ನ್ಯಾಯವೆಷ್ಟಿತ್ತು, ಪಾಠಶಾಲೆಯ ಅಹಂಕಾರವೆಷ್ಟಿತ್ತು ಎಂಬುದನ್ನು ಈ ಲೇಖನದಲ್ಲಿ ಪರೀಕ್ಷಿಸಬೇಕೆಂದಿದ್ದೇನೆ.

ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ, ಟಿ. ಜಿ. ಲಿಂಗಪ್ಪನವರು ಸಂಗೀತ ಸಂಯೋಜಿಸಿದ ಆ ಚಿತ್ರದಲ್ಲಿ ತಂದೆಯಾದ ಅರ್ಜುನನೂ ಮಗನಾದ ಬಭ್ರುವಾಹನನೂ ರಾಜಕುಮಾರರೇ. ಚಿತ್ರಾಂಗದೆಯಾಗಿ ಬಿ. ಸರೋಜಾದೇವಿಯವರು ಅಭಿನಯಿಸಿದ್ದಾರೆ. ನಾನು ಅದನ್ನು ಮೊದಲು ನೋಡಿದುದು ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ನೆಲದ ಮೇಲೆ ಕುಳಿತು. ಆಗ ನಾನು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿ. ಗುರುಗಳಿಗೆ ತಿಳಿಯದಂತೆ ಹೋಗಿದ್ದೆನು. ಕಳ್ಳತನದಲ್ಲಿ ಸವಿದದ್ದನ್ನು ಹಗಲಿನಲ್ಲಿ ಹಳಿಯುವುದು ಮನುಷ್ಯಸ್ವಭಾವವಷ್ಟೆ. ಮುಂದೆ ಮೇಷ್ಟರಾದ ಮೇಲೆ ನಾನೂ ಹಾಗೆಯೇ ಮಾಡಿದೆನು.

ನಮ್ಮ ತಾತಂದಿರ ಕಾಲದಲ್ಲಿ ಜೈಮಿನಿ ಭಾರತವು ಓದುವ ಗ್ರಂಥವಾಗಿರಲಿಲ್ಲ, ಕೇಳುವ ಗ್ರಂಥವಾಗಿದ್ದಿತು. ಸಂಜೆಯ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಒಬ್ಬರು ವಾಚಿಸುವರು, ಒಬ್ಬರು ಅರ್ಥ ಹೇಳುವರು. ಅಕ್ಷರ ಬಾರದ ಮುದುಕಿಯರೂ ಸುಧನ್ವನ ಎಣ್ಣೆಕೊಪ್ಪರಿಗೆಯ ಭಾಗ ಬಂದಾಗ ಸೆರಗಿನಿಂದ ಕಣ್ಣೊರಸಿಕೊಳ್ಳುವರು. ಮೂವತ್ತನಾಲ್ಕು ಸಂಧಿಗಳ ಆ ಕಾವ್ಯ ಮೊದಲಿನಿಂದ ಕಡೆಯವರೆಗೂ ನಡೆಯುವುದು ವಾರ್ಧಕ ಷಟ್ಪದಿಯಲ್ಲಿ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣ. ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಅಂಥ ಆರು ಗಣ, ಕೊನೆಗೊಂದು ಗುರು. ಹೀಗೆ ಪದ್ಯವೊಂದಕ್ಕೆ ನೂರನಲವತ್ತನಾಲ್ಕು ಮಾತ್ರೆ. ಐದು ಮಾತ್ರೆಯ ಗಣಕ್ಕೆ ಒಂದು ವಿಲಕ್ಷಣವಾದ ಗುಣವುಂಟು: ಮೂರು ಹೆಜ್ಜೆ ಇಟ್ಟು ಎರಡು ಹೆಜ್ಜೆ ತೂಗುವಂತೆ ಅದು ಸಾಗುತ್ತದೆ, ಕೋಪಕ್ಕೂ ಬಾಗುತ್ತದೆ, ಅಳುವಿಗೂ ಬಾಗುತ್ತದೆ. ಲಕ್ಷ್ಮೀಶನನ್ನು ನಾದಲೋಲನೆಂದು ಕರೆದವರು ಈ ತೂಗಾಟವನ್ನು ಕಿವಿಯಾರೆ ಅನುಭವಿಸಿಯೇ ಕರೆದಿರಬೇಕು.

ಇನ್ನು ಪ್ರಕೃತಕ್ಕೆ ಬರುತ್ತೇನೆ. ಒಂದು ದಿನ ಪ್ರೌಢಶಾಲೆಯ ತರಗತಿಯಲ್ಲಿ ಷಟ್ಪದಿಯ ಲಕ್ಷಣವನ್ನು ಬೋಧಿಸಿ, ಲಕ್ಷ್ಮೀಶನ ಪದ್ಯವೊಂದಕ್ಕೆ ಪ್ರಸ್ತಾರ ಹಾಕೆಂದು ಹುಡುಗನೊಬ್ಬನನ್ನು ಕಪ್ಪುಹಲಗೆಗೆ ಕರೆದೆನು. ತುಂಟನೆಂದು ಹೆಸರಾದ ಹುಡುಗ. ಅವನು ಲಕ್ಷ್ಮೀಶನ ಪದ್ಯವನ್ನು ಬಿಟ್ಟು ‘ಯಾರು ತಿಳಿಯರು’ ಎಂದು ಮೊದಲಾಗುವ ಚಿತ್ರಗೀತೆಯ ಪಲ್ಲವಿಯ ಮೊದಲ ಸಾಲನ್ನು ಬರೆದು, ಅದರ ಮೇಲೆ ಲಘು ಗುರುಗಳನ್ನು ಗುರುತಿಸತೊಡಗಿದನು. ತರಗತಿಯೆಲ್ಲ ನಕ್ಕಿತು. ನಾನು ಕೋಪದಿಂದ, ಅವನು ಗಣ ವಿಭಾಗಿಸಿ ಮುಗಿಸುವುದಕ್ಕೆ ಮೊದಲೇ ಅದನ್ನು ಅಳಿಸಿಹಾಕಿ, ಆ ಪಾಠ ಮುಗಿಯುವವರೆಗೂ ಅವನನ್ನು ಹೊರಗೆ ನಿಲ್ಲಿಸಿದೆನು. ಕವಿಚೂತವನ ಚೈತ್ರನ ಪಕ್ಕದಲ್ಲಿ ಸಿನಿಮಾ ಹಾಡೆ ಎಂದು ಅಬ್ಬರಿಸಿದುದೂ ನೆನಪಿದೆ.

ನಿವೃತ್ತನಾದ ಮೇಲೆ ಒಂದು ಬೆಳಗ್ಗೆ ಭದ್ರಾವತಿ ಆಕಾಶವಾಣಿಯಲ್ಲಿ ಅದೇ ಹಾಡು ಬಂದಿತು. ಕೈಯಲ್ಲಿ ಕಾಫಿಯ ಲೋಟವಿತ್ತು. ಬೆರಳುಗಳು ತಾವಾಗಿ ಲೋಟದ ಮೇಲೆ ಮಾತ್ರೆ ಎಣಿಸಿದುವು. ಐದು, ಐದು, ಐದು, ಐದು. ನಂಬದೆ ಕಾಗದ ತೆಗೆದು ಬರೆದು ನೋಡಿದೆನು. ಒತ್ತಕ್ಷರದ ಹಿಂದಿನ ಲಘು ಗುರುವಾಗುವ ನಿಯಮವನ್ನೂ ಮರೆಯದೆ ಲೆಕ್ಕ ಹಾಕಿದೆನು. ಇಪ್ಪತ್ತು ಮಾತ್ರೆ, ನಾಲ್ಕು ಗಣ, ಗಣಗಳ ನಡುವೆ ಎಲ್ಲಿಯೂ ಗುರು ಸೀಳಿಲ್ಲ. ವಾರ್ಧಕ ಷಟ್ಪದಿಯ ಮೊದಲನೆಯ ಪಾದ ಹೇಗಿರಬೇಕೋ ಹಾಗೆ. ವಾಚಕರು ತಮ್ಮ ನೆನಪಿನಲ್ಲಿರುವ ಆ ಸಾಲನ್ನು ತಾವೇ ಪ್ರಸ್ತಾರ ಹಾಕಿ ಪರೀಕ್ಷಿಸಬಹುದು. ಹುಡುಗ ತುಂಟತನ ಮಾಡಿದ್ದಿರಬಹುದು. ಆದರೆ ಉತ್ತರ ಸರಿಯಾಗಿತ್ತು.

ಇದರಿಂದ ಚಿತ್ರಗೀತೆ ಷಟ್ಪದಿಯಾಯಿತೆಂದು ಸಾಧಿಸಲು ನಾನು ಹೊರಟಿಲ್ಲ. ನಾನು ಹೇಳುವುದು ಆ ಒಂದು ಸಾಲಿನ ಮಾತು. ಹಾಡುವಾಗಿನ ತಾಳದ ವಿಚಾರವೂ ಬೇರೆ. ಆದರೆ ಗೀತಕರ್ತರ ಕಿವಿಯಲ್ಲಿ ಬಭ್ರುವಾಹನನೆಂಬ ಹೆಸರಿನೊಡನೆ ಈ ನಡೆಯೂ ಸೇರಿಕೊಂಡು ಬಂದಿತೆಂದು ಊಹಿಸುವುದು ಅಸಂಗತವಾಗಲಾರದು. ಕಾವ್ಯದಿಂದ ಗಮಕಕ್ಕೆ, ಗಮಕದಿಂದ ಬಯಲಾಟಕ್ಕೆ, ಬಯಲಾಟದಿಂದ ಕಂಪೆನಿ ನಾಟಕಕ್ಕೆ ಈ ಕಥೆ ಬಾಯಿಂದ ಬಾಯಿಗೆ ನಡೆದು ಬಂದಿದೆ. ಬಭ್ರುವಾಹನ ಕಾಳಗವು ಯಕ್ಷಗಾನದಲ್ಲಿಯೂ ಪ್ರಸಿದ್ಧವಾದ ಪ್ರಸಂಗ. ಇಬ್ಬರು ವೀರರು ಎದುರುಬದುರು ನಿಂತು, ಒಬ್ಬನ ಮೂದಲೆ ಮುಗಿಯುವ ಮೊದಲೇ ಇನ್ನೊಬ್ಬನು ಪ್ರತಿಮೂದಲೆ ತೊಡಗುವ ಕ್ರಮ ಆಟದ ಚೌಕಿಯಿಂದಲೇ ಬಂದುದು. ರಾಜಕುಮಾರರೂ ನಾಟಕದ ಕಂಪೆನಿಯಲ್ಲಿ ಪಳಗಿ ಚಿತ್ರರಂಗಕ್ಕೆ ಬಂದವರೆಂಬುದನ್ನು ಮರೆಯಬಾರದು. ಅಳಿಯಿತೆಂದು ನಾನು ಅಳುತ್ತಿದ್ದ ವಾಚನಪರಂಪರೆಯ ಒಂದು ಎಳೆ ನನ್ನ ಕಣ್ಣೆದುರಿನಲ್ಲಿಯೇ, ನಾನು ಅಳಿಸಿದ ಹಲಗೆಯ ಮೇಲೆಯೇ ಇದ್ದಿತು.

ಆ ಯುಗಳಗೀತೆಯಲ್ಲಿ ಮತ್ತೊಂದು ಸ್ವಾರಸ್ಯವುಂಟು. ಮುಖ ಎರಡೂ ರಾಜಕುಮಾರರದು; ಕಂಠ ಮಾತ್ರ ಎರಡು. ಅರ್ಜುನನಿಗೆ ಪಿ. ಬಿ. ಶ್ರೀನಿವಾಸರ ಕಂಠ, ಬಭ್ರುವಾಹನನಿಗೆ ರಾಜಕುಮಾರರದೇ ಕಂಠ. ಬಹುಕಾಲ ತೆರೆಯ ಮೇಲೆ ರಾಜಕುಮಾರರ ಹಾಡುವ ದನಿಯೆಂದರೆ ಶ್ರೀನಿವಾಸರ ದನಿಯೇ ಆಗಿದ್ದಿತು. ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕವಷ್ಟೆ ನಟರು ತಮ್ಮ ಹಾಡುಗಳನ್ನು ತಾವೇ ಹಾಡುವ ರೂಢಿ ನಿಂತಿತು. ಆದುದರಿಂದ ೧೯೭೭ರಲ್ಲಿ ಈ ಹಾಡನ್ನು ಕೇಳಿದವರು ಒಬ್ಬನೇ ನಟನ ಹಳೆಯ ದನಿಯೂ ಹೊಸ ದನಿಯೂ ಸೆಣಸುವುದನ್ನು ಕೇಳಿದರು. ಹಿರಿಯ ದನಿ ತಂದೆಗೆ, ಬಂದು ಮೂರು ವರ್ಷವಾದ ದನಿ ಮಗನಿಗೆ! ಇದು ಬೇಕೆಂದೇ ಮಾಡಿದ ಏರ್ಪಾಡೋ, ಎರಡು ಪಾತ್ರಗಳಿಗೆ ಎರಡು ಕಂಠ ಬೇಕೆಂಬ ಅವಶ್ಯಕತೆಯಿಂದ ಒದಗಿಬಂದುದೋ, ಹೇಗಾದರೂ ಫಲ ದೊಡ್ಡದು. ಶ್ರೀನಿವಾಸರು ಕಾಕಿನಾಡದಲ್ಲಿ ಹುಟ್ಟಿದ ತೆಲುಗರು. ಅವರ ಕನ್ನಡದಲ್ಲಿ ಮಹಾಪ್ರಾಣ ಒಂದೂ ಜಾರುವುದಿಲ್ಲ. ಅವರದು ಸ್ವಭಾವತಃ ಮೃದುವಾದ, ಮಂದ್ರದಲ್ಲಿ ತಂಗುವ ದನಿ. ಕಾಳಗಕ್ಕೆ ಇದೇನು ತಕ್ಕುದೆಂದು ಮೊದಲು ತೋರುತ್ತದೆ. ಕೇಳುತ್ತ ಹೋದಂತೆ, ಗದರಿಸದೆ ಇದ್ದರೂ ಮಾತು ನಡೆಯುತ್ತದೆಂದು ರೂಢಿಯಾಗಿರುವ ಹಿರಿಯನ ಗರ್ವ ಅದರಲ್ಲಿ ಕೇಳಿಬರುತ್ತದೆ. ಮಗನ ದನಿಯಲ್ಲಿ ನಾಟಕಶಾಲೆಯ ಕಟ್ಟಕಡೆಯ ಸಾಲಿಗೂ ಮುಟ್ಟುವ ಕಂಚಿನ ಕಸುವಿದೆ.

ಆ ಚಿತ್ರದ ಇನ್ನೊಂದು ಹಾಡು, ಮದನಾರಿಯನ್ನು ಆರಾಧಿಸುವ ಹಾಡು, ಪಾಠಶಾಲೆಯವರಿಗೆ ಬೇರೆ ಬಗೆಯ ಔತಣ. ಮದನನ ಅರಿ ಮದನಾರಿ, ಸವರ್ಣದೀರ್ಘಸಂಧಿ, ಅರ್ಥ ಶಿವ. ಕೇಳುವ ಸಭೆಗೆ ಇದು ಶಿವಸ್ತುತಿ, ಹಾಡುವ ಅರ್ಜುನನ ಮನಸ್ಸಿಗೆ ಪ್ರಣಯಯಾಚನೆ. ಎರಡನೆಯ ಅರ್ಥಕ್ಕೆ ಶಾಸ್ತ್ರಪ್ರಕಾರ ‘ಮದನನಾರಿ’ ಎಂದಿರಬೇಕೆಂದು ವೈಯಾಕರಣನು ಆಕ್ಷೇಪಿಸಬಹುದು. ಒಂದು ನಕಾರ ಕಡಿಮೆಯಾಯಿತು, ನಿಜ. ಆದರೆ ಕಿವಿ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಒಂದಕ್ಷರದಿಂದ ಅರ್ಥವನ್ನು ತಿರುಗಿಸುವ ಈ ಆಟ ನಮ್ಮ ಕವಿಗೂ ಪ್ರಿಯವಾದುದೇ: ಚಂದ್ರಹಾಸನಿಗೆ ವಿಷವನ್ನು ಕೊಡಬೇಕೆಂದು ದುಷ್ಟಬುದ್ಧಿ ಬರೆದ ಓಲೆಯನ್ನು ಅವನ ಮಗಳು ವಿಷಯೆಯನ್ನೇ ಕೊಡಬೇಕೆಂದು ತಿದ್ದಿದ ಭಾಗವನ್ನು ಓದದವರಾರು? ಆ ಕಥೆಯೂ ೧೯೬೫ರಲ್ಲಿ ಬಿ. ಎಸ್. ರಂಗಾ ಅವರ ‘ಚಂದ್ರಹಾಸ’ವಾಗಿ ತೆರೆಯನ್ನೇರಿತು, ಅದರ ವಿಮರ್ಶೆ ಇಲ್ಲಿ ಬೇಡ.

ಇಷ್ಟೆಲ್ಲ ಒಪ್ಪಿದ ಮೇಲೆಯೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಮನೆಮನೆಗಳಲ್ಲಿ ಉಳಿದುದು ತಂದೆಮಕ್ಕಳ ಜಗಳದ ಹಾಡು. ಲಕ್ಷ್ಮೀಶನ ಶ್ರೇಷ್ಠತೆ ಇರುವುದು ಜಗಳಕ್ಕೆ ಮುಂಚಿನ ಘಳಿಗೆಯಲ್ಲಿ. ಯಜ್ಞಾಶ್ವವನ್ನು ಕಟ್ಟಿದ ಬಭ್ರುವಾಹನನು ಅದು ತನ್ನ ತಂದೆಯದೆಂದು ತಿಳಿದೊಡನೆ ತಾಯಿಯ ಮಾತಿನಂತೆ ಕುದುರೆಯನ್ನೂ ಕಪ್ಪಕಾಣಿಕೆಗಳನ್ನೂ ತೆಗೆದುಕೊಂಡು ಪರಿವಾರದೊಡನೆ ಹೋಗಿ ಅರ್ಜುನನ ಕಾಲಿಗೆ ಎರಗುತ್ತಾನೆ. ಅರ್ಜುನನು ಅವನನ್ನು ಕಾಲಿನಿಂದ ಒದೆಯುತ್ತಾನೆ. ನೀನು ನನಗೆ ಹುಟ್ಟಿದವನಲ್ಲ, ನನ್ನ ಮಗನೆಂದರೆ ಅಭಿಮನ್ಯು ಎಂದು ಜರೆಯುತ್ತಾನೆ. ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿಯೂ ಅರ್ಜುನನಿಗೆ ಸೇರದುದು ಮಗನ ವಿನಯವೇ. ಅಲ್ಲಿ ಯುದ್ಧಕ್ಕೆ ಹುರಿದುಂಬಿಸುವವಳು ಉಲೂಪಿ. ಜೈಮಿನಿಯ ಜಾಡಿನಲ್ಲಿ ನಡೆದ ನಮ್ಮ ಕವಿ ಅವಮಾನವನ್ನೇ ಕಾರಣವಾಗಿಟ್ಟಿದ್ದಾನೆ. ಗಂಗೆಯ ಶಾಪವೂ, ಬಾಣವಾಗಿ ಬತ್ತಳಿಕೆಯನ್ನು ಸೇರಿದ ಜ್ವಾಲೆಯ ಹಗೆಯೂ ಹಿಂದೆ ಉಂಟು. ಆದರೆ ಕೇಳುವವನ ಎದೆಗೆ ನಾಟುವುದು ಶಾಪವಲ್ಲ, ಆ ಒದೆತ. ನೆಲದಲ್ಲಿ ಬಿದ್ದ ಮಗನು ಎದ್ದು ನಿಲ್ಲುವವರೆಗಿನ ಅವಧಿಯಲ್ಲಿ ಭಕ್ತಿಯು ಕ್ರೋಧವಾಗಿ ಮಾರ್ಪಡುತ್ತದೆ. ಈ ಪ್ರಸಂಗದ ಒಡಲಿನಲ್ಲಿಯೇ ರಾಮನಿಗೂ ಕುಶಲವರಿಗೂ ನಡೆದ ಕಾಳಗದ ಕಥೆ ಬಂದಿರುವುದನ್ನು ನೋಡಿದರೆ, ತಿರಸ್ಕೃತಳಾದ ತಾಯಿಯ ಮಗನು ತಂದೆಯೆದುರು ಬಿಲ್ಲು ಹಿಡಿಯುವ ವಸ್ತು ಕಾವ್ಯದ ಮರ್ಮಸ್ಥಾನವೆಂಬುದು ತಿಳಿದೀತು.

ಚಿತ್ರದಲ್ಲಿಯೂ ಕಥೆ ಇದೇ. ಆದರೆ ಮೌನಕ್ಕೆ ಧ್ವನಿಮುದ್ರಿಕೆಯಿಲ್ಲ. ಆಕಾಶವಾಣಿಯವರು ಬಿತ್ತರಿಸುವುದು ಹಾಡನ್ನು ಮಾತ್ರ. ಹೀಗಾಗಿ ರೌದ್ರವು ಹರಡಿತು, ಅದನ್ನು ಹೆತ್ತ ಕರುಣವು ಹಿಂದುಳಿಯಿತು. ಇದು ಚಿತ್ರ ಮಾಡಿದವರ ದೋಷವಲ್ಲ. ಹಾಡು ಕೇಳಿ ಉತ್ಸುಕನಾದ ಹುಡುಗನಿಗೆ ‘ಇದರ ಹಿಂದಿನದನ್ನು ಹೇಳುತ್ತೇನೆ, ಕುಳಿತುಕೋ’ ಎನ್ನಬೇಕಾಗಿದ್ದವರು ನಾವು. ನಾನೇನು ಮಾಡಿದೆನೆಂಬುದನ್ನು ಮೇಲೆ ಹೇಳಿದ್ದೇನೆ. ಪುತ್ರನಿಂದಲೂ ಶಿಷ್ಯನಿಂದಲೂ ಸೋಲನ್ನು ಬಯಸಬೇಕೆಂಬ ಹಿರಿಯರ ಮಾತನ್ನು ಬಭ್ರುವಾಹನನ ಪಾಠ ಹೇಳುವಾಗಲೆಲ್ಲ ಉದಾಹರಿಸುತ್ತಿದ್ದವನೂ ನಾನೇ.

ಮೊನ್ನೆ ಅಜ್ಜಂಪುರದ ಸಂತೆಯಲ್ಲಿ ಆ ಶಿಷ್ಯನೇ ಎದುರಾದನು. ತಲೆ ಅರ್ಧ ನರೆತಿದೆ, ಅಡಕೆ ವ್ಯಾಪಾರವಂತೆ. ಬೀದಿಯಲ್ಲಿಯೇ ನಿಲ್ಲಿಸಿಕೊಂಡು, ‘ಅಂದು ನೀನು ಹಾಕಿದ ಪ್ರಸ್ತಾರ ಸರಿಯಾಗಿತ್ತಪ್ಪ, ನಾಲ್ಕು ಗಣವೂ ಕೂಡುತ್ತವೆ’ ಎಂದೆನು. ಅವನು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ಯತ್ನಿಸಿ, ‘ಹೊರಗೆ ನಿಂತಿದ್ದು ಜ್ಞಾಪಕವಿದೆ ಮೇಷ್ಟ್ರೇ, ಯಾಕೆಂದು ಮರೆತೇಹೋಗಿದೆ’ ಎಂದನು. ನಾನು ಸಂತೆಯ ಗದ್ದಲದಲ್ಲಿಯೇ ಆ ಸಾಲನ್ನು ಬೆರಳೆಣಿಸಿ ಹೇಳಿದೆನು. ಅವನೂ ಎಣಿಸಿದನು. ಮೂರನೆಯ ಸಾಲಿಗೆ ಆರು ಗಣ ಬೇಕಲ್ಲವೆ, ಅದು ಬರುತ್ತದೆಯೆ ಎಂದು ಕೇಳಿದನು. ಭಾನುವಾರ ಮನೆಗೆ ಬಾ, ಪುಸ್ತಕವನ್ನೇ ಇಟ್ಟುಕೊಂಡು ನೋಡೋಣವೆಂದು ಹೇಳಿ ಬಂದಿದ್ದೇನೆ.